ಪಾಲಮ್ಮನ ಹಿಡಿ ಬೇಳೆ

ಬಯಲುಸೀಮೆಯ ಒಂದು ಊರು. ಊರ ಪಕ್ಕದಲ್ಲಿ ಒಂದು ಹಳ್ಳ. ಹಳ್ಳ ಅಂದ ಕೂಡಲೇ ವರ್ಷವಿಡೀ ಜುಳುಜುಳು ಅನ್ನುತ್ತದೆ ಅಂದುಕೊಳ್ಳಬೇಡಿ ಮಕ್ಕಳೇ. ಈ ಹಳ್ಳ ವರ್ಷದಲ್ಲಿ ಹತ್ತು ದಿನ ಹರಿದರೆ ದೊಡ್ಡ ಮಾತು. ಉಳಿದ ದಿನವೆಲ್ಲ ಅದರಲ್ಲಿ ಮರಳು, ತರಗೆಲೆ, ಮೇಕೆ ಹಿಕ್ಕೆ, ಮರಳಿನ ಮೇಲೆ ಬೆಳ್ಳಗೆ ಎದ್ದ ಉಪ್ಪಿನ ಚೌಳು, ಇಷ್ಟೇ.

ಆ ಹತ್ತು ದಿನದ ನೀರನ್ನು ಊರಿನವರು ಕಾಲುವೆಯಲ್ಲಿ ತಿರುಗಿಸಿ ಹೊಂಡಕ್ಕೆ ತುಂಬಿಸಿಕೊಳ್ಳುತ್ತಿದ್ದರು. ಕುಡಿಯಲು ಅದೇ ಗತಿ, ಏಕೆಂದರೆ ಬಾವಿಗಳ ನೀರೆಲ್ಲ ಉಪ್ಪುಪ್ಪು, ಸವುಳು. ಕಾಲುವೆಯ ಬಾಯಿಗೆ ಒಂದು ಮರದ ಹಲಗೆ. ಅದನ್ನು ಎತ್ತುವ, ಇಳಿಸುವ ಅಧಿಕಾರ ನೀರಗಂಟಿ ಪಾಲಮ್ಮನಿಗೆ ಮಾತ್ರ. ಗಂಡ ತೀರಿಕೊಂಡ ಮೇಲೆ ಆ ಕೆಲಸ ಅವಳಿಗೆ ಬಂದಿತ್ತು.

ಒಂದು ವರ್ಷ ಹೊಂಡ ಬೇಗ ಬತ್ತಿತು. ಎರಡು ತಿಂಗಳು ಜನ ಸವುಳು ನೀರನ್ನೇ ಕುಡಿದರು. ಒಂದು ಬೆಳಿಗ್ಗೆ ಹಳ್ಳ ಬಂತು. ಕೆಂಪಗೆ, ನೊರೆ ಹೊತ್ತು, ಎರಡೂ ದಡ ತುಂಬಿ ಬಂತು. ಊರಿಗೆ ಊರೇ ಓಡಿತು.

"ಹಲಗೆ ಎತ್ತು ಪಾಲಮ್ಮ" ಎಂದರು ಊರ ಗೌಡರಾದ ಬೊಮ್ಮಣ್ಣನವರು.

ಪಾಲಮ್ಮ ಎತ್ತಲಿಲ್ಲ. ದಡದಲ್ಲಿ ಮೂರು ಕಲ್ಲು ಹೂಡಿದಳು. ಹಳ್ಳದ ನೀರನ್ನು ಸೋಸಿ ಗಡಿಗೆಗೆ ಹಾಕಿ, ಒಂದು ಹಿಡಿ ತೊಗರಿಬೇಳೆ ಬೇಯಲಿಟ್ಟಳು. ಎರಡು ಸಲ ಎಲೆ ಅಡಿಕೆ ಹಾಕಿ ಉಗಿದದ್ದಾಯಿತು. ಬೇಳೆ ಕಲ್ಲಿನ ಹಾಗೆ ಕೂತಿತ್ತು. ಸವುಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ.

"ಮೊದ್ಲ ನೀರು ಹಳ್ಳದ ಮೈ ತೊಳ್ಯಾಕೆ ಗೌಡ್ರೆ. ವರ್ಷದ ಕಸ, ಚೌಳು ಎಲ್ಲ ಇದರಾಗೈತೆ. ಹೋಗ್ಲಿ ಬಿಡಿ" ಎಂದಳು.

"ನಾನು ಕುಡಿದು ನೋಡ್ದೆ. ಸಿಹಿಯಾಗೇ ಐತಲ್ಲ?"

"ಎರಡು ತಿಂಗ್ಳು ಸವುಳು ಕುಡಿದ ಬಾಯಿಗೆ ಯಾವ ನೀರಾದ್ರೂ ಸಿಹೀನೇ. ಬೇಳೆಗೆ ಆಸೆ ಇಲ್ಲ ನೋಡಿ, ಅದು ಸುಳ್ಳು ಹೇಳಲ್ಲ."

ಎರಡನೆಯ ದಿನವೂ ಬೇಳೆ ಬೇಯಲಿಲ್ಲ. ಮೂರನೆಯ ದಿನ ಆಕಾಶದಲ್ಲಿ ಒಂದು ಮೋಡವಿಲ್ಲ. ಹಳ್ಳ ಅರ್ಧಕ್ಕೆ ಇಳಿದಿತ್ತು. ಪಾಲಮ್ಮನಿಗೂ ಭಯವಿತ್ತು. ಹಳ್ಳ ಹೀಗೇ ನಿಂತುಹೋದರೆ ಇನ್ನೊಂದು ವರ್ಷ ಊರಿಗೆ ಸವುಳು ನೀರೇ. ಎಲ್ಲರ ಬೆರಳೂ ಅವಳ ಕಡೆಗೇ.

ಗೌಡರು ಕೆಟ್ಟವರಲ್ಲ. ಊರಿನ ಚಿಂತೆ ಅವರಿಗೂ ಇತ್ತು. ಚಿಂತೆ ಜಾಸ್ತಿಯಾದಾಗ ದೊಡ್ಡವರಿಗೂ ಸಣ್ಣ ಬುದ್ಧಿ ಬರುತ್ತದೆ. ಪಾಲಮ್ಮ ಸೌದೆ ತರಲು ಆಚೆ ಹೋದಾಗ ಅವರು ಟವೆಲ್ಲಿನ ತುದಿಯ ಗಂಟು ಬಿಚ್ಚಿದರು. ಚಿಟಿಕೆ ಅಡಿಗೆ ಸೋಡಾ ತೆಗೆದು ಯಾರಿಗೂ ಕಾಣದಂತೆ ಗಡಿಗೆಗೆ ಹಾಕಿದರು. ಆಮೇಲೆ ಏನೂ ಅರಿಯದವರಂತೆ ಆಕಾಶ ನೋಡುತ್ತಾ ನಿಂತರು.

ಗಡಿಗೆ ಬುಸ್ಸೆಂದು ನೊರೆ ಉಕ್ಕಿಸಿತು. ಸ್ವಲ್ಪ ಹೊತ್ತಿಗೆ ಬೇಳೆ ಗಂಜಿಯಂತಾಯಿತು. ಜನ ಹಿಗ್ಗಿಹೋದರು. ಪಾಲಮ್ಮ ಬಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ ನಾಲಿಗೆಗೆ ಇಟ್ಟಳು. ನಲವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಸೋಡಾದ ರುಚಿಯನ್ನು ಯಾರಾದರೂ ಹೇಳಿಕೊಡಬೇಕೆ? ಹಾಕಿದವರು ಯಾರೆಂದೂ ತಿಳಿಯಿತು. ಆಕಾಶ ನೋಡುತ್ತಿದ್ದವರು ಗೌಡರೊಬ್ಬರೇ.

ಈಗ ಹಲಗೆ ಎತ್ತಿದರೆ ಅವಳ ಮೇಲೆ ಒಂದು ಮಾತೂ ಬರುವಂತಿರಲಿಲ್ಲ. ಬೇಳೆ ಬೆಂದದ್ದನ್ನು ಊರೆಲ್ಲ ಕಣ್ಣಾರೆ ನೋಡಿತ್ತು. ಅವಳು ಹಲಗೆಗೆ ಕೈ ಹಚ್ಚಿದಳು ಕೂಡ. ಹಚ್ಚಿದವಳು ತಿರುಗಿ ನಿಂತಳು.

"ಎತ್ತು ಅಂದ್ರೆ ಈಗ್ಲೇ ಎತ್ತೀನಿ ಗೌಡ್ರೆ. ಒಂದು ಮಾತು ಹೇಳಿ. ಈ ಗಡಿಗೆಗೇನೋ ಚಿಟಿಕೆ ಸೋಡಾ ಸಾಕಾಯ್ತು. ಅಷ್ಟು ದೊಡ್ಡ ಹೊಂಡಕ್ಕೆ ಎಷ್ಟು ಹಾಕ್ತೀರಿ?"

ಗೌಡರು ಟವೆಲ್ ತೆಗೆದು ಮುಖ ಒರೆಸಿಕೊಂಡರು. ಕೊನೆಗೆ ಬಾಯಿ ಬಿಟ್ಟರು.

"ನಾನೇ ಹಾಕ್ದೆ. ಹಳ್ಳ ನಿಂತೋದ್ರೆ ಅಂತ ಹೆದರ್ಕಂಡೆ ಕಣಮ್ಮ."

"ನಂಗೂ ಹೆದರಿಕೇನೇ. ಹೆದರಿದ್ರೆ ನೀರು ತಿಳಿಯಾಗಲ್ಲವಲ್ಲ" ಎಂದಳು ಪಾಲಮ್ಮ. ಹಲಗೆ ಇದ್ದಲ್ಲೇ ಇತ್ತು.

ನಾಲ್ಕನೆಯ ದಿನ ಹಳ್ಳ ಇನ್ನೂ ಸಣ್ಣಗಾಯಿತು. ಆದರೆ ತಳದ ಮರಳು ಕಾಣುವಷ್ಟು ತಿಳಿಯಾಗಿತ್ತು. ಗಡಿಗೆಯ ಪಕ್ಕದಲ್ಲಿ ಕಾವಲು ಕೂತವರು ಗೌಡರೇ. ಮೊದಲ ಎಲೆ ಅಡಿಕೆ ಮುಗಿಯುವ ಮುಂಚೆಯೇ ಬೇಳೆ ಒಡೆಯಿತು. ಪಾಲಮ್ಮ ಹಲಗೆ ಎತ್ತಿದಳು.

ನೀರು ಮೂರು ದಿನ ಹರಿಯಿತು. ಆಮೇಲೆ ಹಳ್ಳ ಸೊರಗಿ, ಅಲ್ಲಲ್ಲಿ ಗುಂಡಿಗಳಲ್ಲಿ ನಿಂತಿತು. ಗುಂಡಿಗಳ ನೀರು ಬಿಸಿಲಿಗೆ ಬತ್ತುತ್ತಾ ಮತ್ತೆ ಸವುಳಾಯಿತು. ಅದನ್ನು ಯಾರೂ ಮುಟ್ಟಲಿಲ್ಲ.

ಹೊಂಡ ತುಂಬಿತೇ ಎಂದು ಕೇಳುತ್ತೀರಿ. ತುಂಬಲಿಲ್ಲ. ಹನ್ನೊಂದು ಮೆಟ್ಟಿಲಲ್ಲಿ ಏಳು ಮುಳುಗಿದವು, ಅಷ್ಟೇ. ಮನೆಗೆ ದಿನಕ್ಕೆ ಎರಡೇ ಬಿಂದಿಗೆ ಎಂದು ಊರು ಕಟ್ಟುಪಾಡು ಮಾಡಿಕೊಂಡಿತು. ಆದರೆ ಮುಂದಿನ ಸಲ ಹಳ್ಳ ಬರುವವರೆಗೂ ಸವುಳು ನೀರು ಕುಡಿಯುವ ಗೋಳು ಯಾರಿಗೂ ಬರಲಿಲ್ಲ.

ಬೇಸಿಗೆಯಲ್ಲಿ ಒಬ್ಬ ಮೆಟ್ಟಿಲ ಮೇಲೆ ನಿಂತು ಗೊಣಗಿದ. "ಮೊದ್ಲ ದಿನಾನೇ ಎತ್ತಿದ್ರೆ ಹೊಂಡ ತುಂಬಿ ತುಳುಕ್ತಿತ್ತು."

ಅಲ್ಲೇ ಇದ್ದ ಗೌಡರು ಒಂದು ಚೆಂಬು ನೀರು ಮೊಗೆದು ಅವನ ಕೈಗೆ ಕೊಟ್ಟರು. "ತುಂಬ್ತಿತ್ತು ಕಣಯ್ಯ. ಕುಡಿಯಾಕೆ ಆಗ್ತಿರಲಿಲ್ಲ. ಈಗ ಇದನ್ನ ಕುಡಿ."

ಅವನು ಗಟಗಟ ಕುಡಿದ. ಬಾಯಿ ಒರೆಸಿಕೊಂಡು ಇನ್ನೊಂದು ಚೆಂಬು ಕೇಳಿದ.

ನೀತಿ: ಪರೀಕ್ಷೆಯನ್ನು ತಿದ್ದಿದರೆ ಫಲಿತಾಂಶ ಸರಿಹೋಗುತ್ತದೆ, ನೀರು ಸರಿಹೋಗುವುದಿಲ್ಲ. ಅವಸರಕ್ಕೆ ಸಿಕ್ಕಿದ ಬಹಳಕ್ಕಿಂತ ಕಾದು ಪಡೆದ ಒಳ್ಳೆಯ ಸ್ವಲ್ಪವೇ ಬಾಯಾರಿಕೆ ತೀರಿಸುತ್ತದೆ.