ಮೊದಲ ಮಳೆಯ ನೀರು

"ಅಜ್ಜಾರ, ಮನಸ್ಸು ಪೂರ್ತಿ ತಿಳಿ ಆಗದನ ದೀಕ್ಷಾ ತಗೊಂಡರ ತಪ್ಪಲ್ಲೇನ್ರಿ?" ಎಂದು ಅಡವಯ್ಯ ಮಠದ ಗುರುಗಳನ್ನು ಕೇಳಿದ.

ಗುರುಗಳು ಈ ಸಲವೂ ಅವನಿಗೆ ದೀಕ್ಷೆ ಕೊಡಲು ಸಿದ್ಧರಿದ್ದರು. ಅವನೇ ಈ ಸಲವೂ ಹಿಂದೆ ಸರಿದಿದ್ದ. ತನ್ನೊಳಗೆ ಇನ್ನೂ ಕಸವಿದೆ ಎಂಬುದು ಅವನ ಅಳುಕು. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಬಾವಿಗಳೆಲ್ಲ ಸವಳಾಗಿದ್ದ ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಹರದಾರಿ ದೂರದ ಕೆರೆಯಿಂದ ಸಿಹಿನೀರು ಹೊತ್ತು ತರುತ್ತಿದ್ದಳು. ಅವಳು ಬಸುರಿಯಾದಾಗ ನೇಕಾರನಿಗೆ ಅದು ನೋಡಲಾಗಲಿಲ್ಲ. ಹೆರಿಗೆಯ ಹೊತ್ತಿಗೆ ನಿನ್ನ ತಲೆಯ ಮೇಲಿನ ಕೊಡ ಇಳಿಸುತ್ತೇನೆ ಎಂದು ಮಾತು ಕೊಟ್ಟ. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಹಿಡಿಯಲು ಹಿತ್ತಲಿನಲ್ಲಿ ಕಲ್ಲಿನ ತೊಟ್ಟಿ ಕಟ್ಟಿದ.

ಮನೆಯಲ್ಲಿ ಮಳೆನೀರು ಹಿಡಿಯುವುದಕ್ಕೆ ಆ ಊರಿನಲ್ಲೊಂದು ಕಟ್ಟಳೆಯಿತ್ತು. ಮೊದಲ ಮಳೆ ಮಾಳಿಗೆ ತೊಳೆಯಲಿಕ್ಕೆ. ಅದನ್ನು ಬೀದಿಗೆ ಬಿಡಬೇಕು. ತೊಟ್ಟಿಗೆ ಬಿಟ್ಟವನಿಗೆ ದಂಡ. ನೇಕಾರ ಮೊದಲ ಮಳೆಯನ್ನು ಬೀದಿಗೆ ಬಿಟ್ಟ. ಎರಡನೆಯದು ಬರುವಷ್ಟರಲ್ಲಿ ಮಾಳಿಗೆಯ ಮೇಲೆ ಪಾರಿವಾಳ ಕೂತು ಹೋಗಿತ್ತು. ಕೊಳೆಯಾದ ಮಾಳಿಗೆಗೆ ಇದೇ ಮೊದಲ ಮಳೆ ಎಂದುಕೊಂಡು ಅದನ್ನೂ ಬಿಟ್ಟ. ಮೂರನೆಯದಕ್ಕೆ ಮುಂಚೆ ಗಾಳಿ ಬೇವಿನೆಲೆ ತಂದು ಸುರಿದಿತ್ತು. ಊರ ಗೌಡ ತಾನೇ ಬಂದು, ಕಟ್ಟಳೆ ಒಂದು ಮಳೆಗಷ್ಟೇ, ಉಳಿದದ್ದನ್ನು ಬಟ್ಟೆ ಕಟ್ಟಿ ಸೋಸಿಕೋ ಎಂದು ತಿಳಿಹೇಳಿದ. ಆ ಪುಣ್ಯಾತ್ಮನ ತಲೆಗೆ ಅದು ಹೋಗಲಿಲ್ಲ.

ಮಳೆ ಬಂದಾಗಲೆಲ್ಲ ಮಗ್ಗದ ಮುಂದೆ ಕೂತಲ್ಲೇ ಅವನಿಗೆ ಜೊಂಪು ಹತ್ತುತ್ತಿತ್ತು. ಮುಚ್ಚಿದ ಕಣ್ಣೊಳಗೆ ತೊಟ್ಟಿ ಮೆಲ್ಲಗೆ ತುಂಬುತ್ತಿತ್ತು. ನೀರು ಎಷ್ಟು ತಿಳಿಯೆಂದರೆ, ಕೈ ಅದ್ದಿದ ಮೇಲಷ್ಟೇ ಅದು ಇದೆಯೆಂದು ಗೊತ್ತಾಗುತ್ತಿತ್ತು. ಇನ್ನೂ ಹುಟ್ಟದ ಮಗುವಿಗೆ ಅದೇ ನೀರಿನಲ್ಲಿ ಎರೆಯುತ್ತಿದ್ದ. ಹೊರಗೆ ಅವನ ಮಾಳಿಗೆಯ ಮಳೆ ಬೀದಿಯುದ್ದಕ್ಕೂ ಹರಿದು ಹೋಗುತ್ತಿತ್ತು.

ಮಳೆಗಾಲ ಮುಗಿಯಿತು. ದಿನ ತುಂಬಿದ ಹೆಂಡತಿ ತೊಟ್ಟಿಯೊಳಗೆ ಇಣುಕಿ ನೋಡಿದಳು.

"ಭಾಳ ಚೊಕ್ಕ ಇಟ್ಟೀರಿ," ಎಂದಳು. ತಲೆಯ ಮೇಲೆ ಸಿಂಬಿ ಇಟ್ಟು, ಕೊಡ ಏರಿಸಿಕೊಂಡು, ಕೆರೆಯ ದಾರಿ ಹಿಡಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡವಯ್ಯನಿಗೆ ಆ ಹೆಣ್ಣುಮಗಳನ್ನು ನೆನೆದು ಸಂಕಟವಾಯಿತು, ನೇಕಾರನ ಮೇಲೆ ಸಿಟ್ಟೂ ಬಂತು. ಅಷ್ಟು ಮಳೆಯಲ್ಲಿ ಒಂದನ್ನಾದರೂ ಹಿಡಿಯಬಾರದಿತ್ತೇ ಎಂದು ಅವನನ್ನು ಬೈದ.

"ನೀ ಮಠಕ್ಕ ಬಂದು ಎಷ್ಟು ಮಳಿಗಾಲ ಆತಪ್ಪಾ?" ಎಂದರು ಗುರುಗಳು.

ಅಡವಯ್ಯ ಬೆರಳು ಮಡಚಿ ಎಣಿಸತೊಡಗಿದ.