ಭಟ್ಟಿ, ಗೊರವಂಕ ಮತ್ತು ಹಳೆಯ ಇಟ್ಟಿಗೆ

ಇಟ್ಟಿಗೆ ಭಟ್ಟಿಯ ಪಕ್ಕದಲ್ಲಿ ಉಳಿದಿದ್ದ ಒಂದೇ ಒಂದು ಹುಣಸೆಮರದ ಪೊಟರೆಯಲ್ಲಿ ಗೊರವಂಕವೊಂದು ಮರಿ ಮಾಡಿತ್ತು. ಒಂದು ಬೆಳಗ್ಗೆ ಭಟ್ಟಿ ಅದಕ್ಕೆ ಹೇಳಿತು: "ನೀಲವ್ವನ ಹೊಸ ಮನೆಗೆ ಇಟ್ಟಿಗೆ ಸುಡಬೇಕಾಗಿದೆ. ನಾಳೆ ಈ ಮರ ನನ್ನ ಹೊಟ್ಟೆಗೆ. ನೀನು ಬೇರೆ ಜಾಗ ನೋಡಿಕೊ."

"ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ," ಎಂದಿತು ಗೊರವಂಕ. "ನಿನ್ನಂಥವರ ಹೊಗೆ ಸೇರಿ ಸೇರಿ ಬೇಸಿಗೆಯ ಕಾವು ಏರುತ್ತಲೇ ಇದೆ. ಹೋದ ವರ್ಷ ನನ್ನ ಮೊಟ್ಟೆಗಳು ಆ ಕಾವಿಗೇ ಕೆಟ್ಟವು. ಈಗ ನೆರಳೂ ಹೋದರೆ ಎಲ್ಲಿಗೆ ಹೋಗಲಿ?"

"ಮನೆ ಬೇಕೆಂದವನು ನಾನಲ್ಲ. ಕೇಳಿದಷ್ಟು ಸುಡುವುದು ನನ್ನ ಕೆಲಸ."

ಗೊರವಂಕ ನೀಲವ್ವ ಕೆಡವಿಸಿದ್ದ ಹಳೆಯ ಮನೆಯತ್ತ ಹಾರಿತು. ಅಲ್ಲಿದ್ದ ಇಟ್ಟಿಗೆಗಳ ರಾಶಿಯನ್ನು ಹಳ್ಳಕ್ಕೆ ಸುರಿಯಲು ಟ್ರ್ಯಾಕ್ಟರ್ ಬಂದು ನಿಂತಿತ್ತು. ರಾಶಿಯೊಳಗಿನ ಇಟ್ಟಿಗೆಯೊಂದು ಹೇಳಿತು: "ನಾವು ಆಗಲೇ ಬೆಂದವರು. ನಮಗೆ ಮತ್ತೆ ಬೆಂಕಿ ಬೇಡ, ಮೈಗಂಟಿದ ಗಾರೆ ಕೆರೆದರೆ ಸಾಕು. ಆದರೆ ನಮ್ಮನ್ನು ಯಾರೂ ಕೇಳಲಿಲ್ಲ."

ಗೊರವಂಕ ರಾಶಿಯ ಮೇಲೆ ಕೂತು ಕಿರುಚತೊಡಗಿತು. ಅದನ್ನು ಓಡಿಸಲೆಂದು ಅಲ್ಲೇ ನಿಂತಿದ್ದ ನೀಲವ್ವ ಒಂದು ಇಟ್ಟಿಗೆಯನ್ನೆತ್ತಿ ಎಸೆದಳು. ಅದು ಕಲ್ಲಿಗೆ ಬಡಿಯಿತು, ಒಡೆಯಲಿಲ್ಲ. ನೀಲವ್ವ ಹೋಗಿ ಅದನ್ನೆತ್ತಿ ತಿರುಗಿಸಿ ನೋಡಿದಳು.

"ಟ್ರ್ಯಾಕ್ಟರ್ ತುಂಬಬೇಡಪ್ಪ," ಎಂದಳು ಚಾಲಕನಿಗೆ. "ಇವನ್ನೇ ಕೆರೆದು ಗೋಡೆಗೆ ಹಾಕೋಣ. ಹೊಸ ಇಟ್ಟಿಗೆ ಬೇಡವೆಂದು ಭಟ್ಟಿಯವರಿಗೆ ಹೇಳಿಬಿಡು."

ಮರುದಿನ ಕೊಡಲಿ ಬರಲಿಲ್ಲ. ತಣ್ಣಗೆ ಕೂತಿದ್ದ ಭಟ್ಟಿ ಕೇಳಿತು: "ಮುಂದಿನ ಮನೆಯವರೂ ಬಿದ್ದದ್ದನ್ನು ತಿರುಗಿಸಿ ನೋಡುತ್ತಾರೆಂಬ ನಂಬಿಕೆ ನಿನಗಿದೆಯೇ?"

ಊರಿನೊಳಗೆ ಇನ್ನೊಂದು ಗೋಡೆ ಕೆಡವುವ ಸದ್ದು ಕೇಳಿ ಗೊರವಂಕ ಆಗಲೇ ಅತ್ತ ಹಾರಿತ್ತು.