ಗುರುಗಳು ತಲೆಯಾಡಿಸಿದ್ದು

ಹೊಳೆದಂಡೆಯ ಆಶ್ರಮ. ಮೂರು ವರ್ಷ ದುಡಿದು ಕಟ್ಟಿದ ಯಂತ್ರವನ್ನು ಶಿಷ್ಯ ಸಾಂಬಶಿವ ತನ್ನ ಗುರುಗಳ ಮುಂದಿಟ್ಟ. ಅವರು ನೋಡಿದ ರೀತಿಗೆ, ಒಳಗೆ ಹಾವಿದೆಯೇನೋ ಅನ್ನಬೇಕು.

“ಏನಿದು?”

“ಮೆದುಳಿನ ಹಾಗೆ ಯೋಚಿಸುವ ಯಂತ್ರ, ಗುರುಗಳೇ. ನಮ್ಮ ಮೆದುಳಿನ ಒಂದು ಭಾಗ ಹಳೆಯ ನೆನಪುಗಳನ್ನು ಬೆರೆಸಿ ನೂರು ಯೋಚನೆ ಹುಟ್ಟಿಸುತ್ತದೆ. ಇನ್ನೊಂದು ಭಾಗ ಅದರಲ್ಲಿ ಒಳ್ಳೆಯದನ್ನು ಆರಿಸುತ್ತದೆ. ಇದರಲ್ಲೂ ಎರಡೂ ಇವೆ. ನೀವು ಒಪ್ಪಿದರೆ ನಾಳೆಯಿಂದ ಬಂದವರಿಗೆ ಇದೇ ಉತ್ತರ ಹೇಳಲಿ. ನಿಮಗೂ ವಿಶ್ರಾಂತಿ.”

“ಹುಟ್ಟಿಸುವುದಿರಲಿ. ಒಳ್ಳೆಯದು ಯಾವುದೆಂದು ಇದಕ್ಕೆ ಕಲಿಸಿದವರು ಯಾರು?”

“ನೀವೇ.”

ಗುರುಗಳು ಹುಬ್ಬು ಗಂಟಿಕ್ಕಿದರು. “ನಾನು ಯಾವಾಗ ಕಲಿಸಿದೆ?”

“ಯಾರ ಯಾವ ಮಾತಿಗೆ ನೀವು ತಲೆಯಾಡಿಸಿದಿರಿ ಎಂದು ಮೂರು ವರ್ಷದಿಂದ ಬರೆದಿಟ್ಟಿದ್ದೇನೆ. ಅದನ್ನೆಲ್ಲ ಇದಕ್ಕೆ ಉಣಿಸಿದ್ದೇನೆ.”

ಸಾಂಬಶಿವನ ಹೆಮ್ಮೆ ಮುಖದಲ್ಲೇ ಕಾಣುತ್ತಿತ್ತು. ಗುರುಗಳ ಅನುಮಾನವೂ ಅಷ್ಟೇ.

ಅಷ್ಟರಲ್ಲಿ ಪಕ್ಕದೂರಿನ ಬಸಣ್ಣ ಬಂದು ಕೂತ. ತನ್ನ ತಮ್ಮನನ್ನು ಮನೆಯಿಂದ ಹೊರಗೆ ಹಾಕುವುದೇ ನ್ಯಾಯ ಎಂದು ಒಂದೇ ಸಮನೆ ಹೇಳತೊಡಗಿದ. ಗುರುಗಳು ಎರಡು ಸಲ ಬಾಯಿ ತೆರೆದರು. ಅವನು ಬಿಡಲಿಲ್ಲ. ಕೊನೆಗೆ ತಲೆಯಾಡಿಸಿ, “ಮಜ್ಜಿಗೆ ಕುಡಿದು ಹೋಗಪ್ಪ” ಅಂದರು. ಬಸಣ್ಣ ಖುಷಿಯಾಗಿ ಎದ್ದುಹೋದ.

ಸಾಂಬಶಿವ ಪುಸ್ತಕ ತೆಗೆದು ಗೀಚಿಕೊಂಡ.

“ಏನು ಬರೆದೆ?”

“ಒಪ್ಪಿಗೆ ಎಂದು.”

“ತಮ್ಮನನ್ನು ಬೀದಿಗೆ ತಳ್ಳುವುದಕ್ಕೆ ನನ್ನ ಒಪ್ಪಿಗೆಯೇ?”

“ತಲೆಯಾಡಿಸಿದಿರಲ್ಲ?”

“ಸಿಟ್ಟಿನಲ್ಲಿದ್ದಾನೆ. ಈಗ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಸಂಜೆ ನಾನೇ ಅವನ ಮನೆಗೆ ಹೋಗುತ್ತೇನೆ.”

ಸಾಂಬಶಿವ ಯಂತ್ರದ ಕಡೆ ನೋಡಿದ. ಈಗ ಅವನಿಗೂ ಅದರ ಮೇಲೆ ಗುಮಾನಿ ಹುಟ್ಟಿತು.

“ಹಾಗಾದರೆ ಒಂದು ಮಾತು ನಿಮಗೆ ಒಪ್ಪಿಗೆಯಾದಾಗ ಏನು ಮಾಡುತ್ತೀರಿ?”

“ಎದ್ದುಹೋಗಲು ಬಿಡುವುದಿಲ್ಲ. ಕೂರಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳುತ್ತೇನೆ.”

ಶಿಷ್ಯ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದ. ಮೊದಲನೆಯ ಹಾಳೆಗೆ ಬಂದು ನಿಂತ. ಅವನಿಗೆ ಅಳು ಬರುವಂತಾಯಿತು.

“ಗುರುಗಳೇ, ಇಂಥದೊಂದು ಯಂತ್ರ ಕಟ್ಟುತ್ತೇನೆ ಎಂದು ನಾನು ಮೊದಲ ಸಲ ಹೇಳಿದ ದಿನ ನೀವು ತಲೆಯಾಡಿಸಿದಿರಿ. ನೋಡಿ, ಬರೆದುಕೊಂಡಿದ್ದೇನೆ.”

ಗುರುಗಳು ಪುಸ್ತಕ ಇಸಿದುಕೊಂಡು ಆ ಸಾಲನ್ನು ನಿಧಾನವಾಗಿ ಓದಿದರು.

“ಮಜ್ಜಿಗೆ ಕುಡಿದು ಹೋಗು ಅಂದಿದ್ದೆನಲ್ಲ, ಅದನ್ನು ಬರೆದೇ ಇಲ್ಲ.”